ಒಡಹುಟ್ಟಿದವರನ್ನೂ ಪರೀಕ್ಷಿಸಿ

ನನ್ನ ತಂಗಿ ಕೈನಾತಳ ಮದುವೆಗೆ ಹತ್ತು ದಿನ ಉಳಿದಿದ್ದವು. ಅಷ್ಟರೊಳಗೆ ಯಾರಾದರೂ ಒಬ್ಬ ಡಾಕ್ಟರು ಅವಳ ಕಣ್ಣನ್ನು ಒಮ್ಮೆ ನೋಡಬೇಕಿತ್ತು. ನನಗೆ ಬೇಕಾಗಿದ್ದು ಅಷ್ಟೇ.

ಕಣ್ಣೇ ಯಾಕೆಂದರೆ, ನಮ್ಮ ತಮ್ಮ ವಸೀಂನ ಕಾಯಿಲೆ ಸಿಕ್ಕಿದ್ದು ಕಣ್ಣಿನಲ್ಲಿ. ಅವನಿಗೆ ಈಗ ಹದಿನೇಳು. ಮೂರು ವರ್ಷದ ಹಿಂದೆ ಕಾಮಾಲೆಯಾಯಿತು, ಇಳಿಯಿತು. ಆಮೇಲೆ ಒಂದೊಂದಾಗಿ ಶುರುವಾದವು. ಕೈ ನಡುಗಿತು. ಮಾತು ತೊದಲಿತು. ಊಟಕ್ಕೆ ಕೂತರೆ ಅನ್ನ ತುತ್ತಾಗಿ ಬಾಯಿಗೆ ಹೋಗದೆ ಮಡಿಲಿಗೆ ಬೀಳುತ್ತಿತ್ತು. ಹಿರಿಯೂರಿನಲ್ಲಿ ನಮಗೆ ಗೊತ್ತಿದ್ದ ದೊಡ್ಡ ಡಾಕ್ಟರೆಂದರೆ ಕನಕರಾಜ್. ಅವರು ಗಾಂಜಾ ಅಂದರು. ಪರೀಕ್ಷೆಯಲ್ಲಿ ಗಾಂಜಾ ಸಿಗದಿದ್ದಾಗ ನಾಟಕ ಅಂದರು.

"ಜಹಾಂಗೀರ್, ಎಸ್ಸೆಸ್ಸೆಲ್ಸಿ ಭಯ ಕಣಯ್ಯಾ ಇವನಿಗೆ. ಮನೆಗೆ ಕರ್ಕಂಡೋಗಿ ಎರಡು ಬಿಡು, ಸರಿಹೋಗ್ತಾನೆ" ಎಂದರು ಅಬ್ಬಾನಿಗೆ.

ಅಬ್ಬಾ ಡಾಕ್ಟರ ಮಾತು ಮೀರಿದವರಲ್ಲ. ಎರಡು ಬಿಟ್ಟರು. ಸರಿಹೋಗಲಿಲ್ಲವೆಂದು ಮತ್ತೆ ಬಿಟ್ಟರು. ಹೊಡೆತ ತಪ್ಪಿಸಿಕೊಳ್ಳಲು ವಸೀಂ ಕೈ ಅಡ್ಡ ಹಿಡಿಯುತ್ತಿದ್ದ. ಆ ಕೈ ರೆಕ್ಕೆ ಬಡಿದಂತೆ ಬಡಿದುಕೊಳ್ಳುತ್ತಿತ್ತು. "ನೋಡು, ಈಗ್ಲೂ ನಾಟ್ಕ" ಎನ್ನುತ್ತಿದ್ದರು ಅಬ್ಬಾ. ಈಗ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಹುಡುಗ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಾನೆ, ದೃಷ್ಟಿ ಮಂಜಾಗಿರಬೇಕು ಎಂದು ಅಮ್ಮಿ ಅವನನ್ನು ಹೊಳಲ್ಕೆರೆಯ ಕಣ್ಣಿನ ಕ್ಯಾಂಪಿಗೆ ಕರೆದುಕೊಂಡು ಹೋದರು. ಕನ್ನಡಕದ ನಂಬರು ನೋಡಲು ಅಲ್ಲಿ ರೋಜಾ ಎಂಬ ಹುಡುಗಿ ಕೂತಿದ್ದಳು. ಬಿ.ದುರ್ಗದ ಕುರಿ ಸಾಕುವವರ ಮಗಳು, ಡಿಪ್ಲೊಮಾ ಓದಿದವಳು. ಟಾರ್ಚು ಬಿಟ್ಟು ನೋಡಿದಳು, ಮತ್ತೊಮ್ಮೆ ಮೆಶಿನ್ನಿನಲ್ಲಿ ನೋಡಿದಳು. ಅವನ ಕರಿಗುಡ್ಡೆಯ ಅಂಚಿನ ಸುತ್ತ ಹಸಿರುಗಂದು ಬಣ್ಣದ ಒಂದು ಬಳೆ ಇತ್ತಂತೆ.

"ಕನ್ನಡಕ ಬ್ಯಾಡ ಅಮ್ಮಾ ಇವನಿಗೆ. ನಾಳೇನೇ ಬೆಂಗಳೂರಿಗೆ ಹೋಗ್ರಿ" ಎಂದಳಂತೆ.

ಬೆಂಗಳೂರಿಗೆ ಅಬ್ಬಾ, ನಾನು, ವಸೀಂ ಹೋದೆವು. ಅಲ್ಲಿ ಹೆಸರು ಸಿಕ್ಕಿತು: ವಿಲ್ಸನ್ ಕಾಯಿಲೆ. ಊಟದಲ್ಲಿರುವ ಚೂರುಪಾರು ತಾಮ್ರವನ್ನು ಎಲ್ಲರ ಮೈಯೂ ಹೊರಗೆ ಹಾಕುತ್ತದೆ, ಇವರ ಮೈ ಹಾಕುವುದಿಲ್ಲ. ಅದು ಲಿವರಿನಲ್ಲಿ, ಮಿದುಳಿನಲ್ಲಿ, ಕಣ್ಣಿನಲ್ಲಿ ಕೂರುತ್ತಾ ಹೋಗುತ್ತದೆ. ಅಲ್ಲಿನ ಡಾಕ್ಟರಮ್ಮ ಚೀಟಿಯ ಮೇಲೆ ಬರೆದೇ ಹೇಳಿದರು. ಒಂದೇ ತಂದೆತಾಯಿಯ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಲಕ್ಷಣ ಕಾಣುವ ಮೊದಲೇ ಹಿಡಿದರೆ ದಿನಾ ಮಾತ್ರೆ ನುಂಗಿಕೊಂಡು ಎಲ್ಲರ ಹಾಗೆ ಬದುಕಬಹುದು. ತಡವಾದರೆ ಎಂದು ಶುರು ಮಾಡಿ ವಸೀಂನ ಕಡೆ ನೋಡಿ ನಿಲ್ಲಿಸಿದರು. ನಾನು ಎದುರಿಗೇ ಇದ್ದೆನಾದ್ದರಿಂದ ನನ್ನ ರಕ್ತ, ಮೂತ್ರ ತೆಗೆದುಕೊಂಡರು. ನನಗಿರಲಿಲ್ಲ. "ಇನ್ನೊಬ್ಬಳು ಮಗಳಿದ್ದಾಳಲ್ಲ, ಅವಳನ್ನೂ ಕರ್ಕೊಂಡ್ ಬನ್ನಿ" ಎಂದರು.

ಅದಾಗಿ ಎಂಟು ತಿಂಗಳು. ಕೈನಾತಳನ್ನು ಯಾರೂ ಕರೆದುಕೊಂಡು ಹೋಗಲಿಲ್ಲ. ನಾವು ಬೆಂಗಳೂರಿಗೆ ಹೋಗಿದ್ದ ವಾರವೇ ಅವಳಿಗೆ ಹೊಸದುರ್ಗದ ಖಾಲಾನ ಮಗ ಮುಝಫರನೊಂದಿಗೆ ಮಾತು ಮುಗಿದಿತ್ತು. ಖಾಲಾ ಎಂದರೆ ಅಮ್ಮಿಯ ಅಕ್ಕ. ಅವರದು ಕೊಬ್ಬರಿ ಮಂಡಿ. ಮೊದಲು ಕೇಳಿದ್ದು ನನ್ನನ್ನೇ. "ಬಾಯಿ ಬಿಡದ ಹುಡುಗಿ ಮಂಡಿ ಮನೆಗೆ ಆಗಾಕಿಲ್ಲ" ಎಂದು ಖಾಲಾ ಚಿಕ್ಕವಳ ಕಡೆ ತಿರುಗಿದರು. ಕೈನಾತ್ ಬಾಯಿ ಬಿಡುತ್ತಾಳೆ. ನಗುತ್ತಾಳೆ. ಇಡೀ ಓಣಿಯ ಹೆಂಗಸರ ಕೈಗೆ ಮೆಹೆಂದಿ ಇಡುವವಳು ಅವಳು.

ಆ ಮೆಹೆಂದಿಯ ಗೆರೆ ಈಚೆಗೆ ನಡುಗುತ್ತಿತ್ತು. ಬಳ್ಳಿಯ ಸುರುಳಿ ಮೂಡಬೇಕಾದಲ್ಲಿ ಗರಗಸದ ಹಲ್ಲು ಮೂಡುತ್ತಿತ್ತು. "ಕೋನಿನ ತೂತು ಸರಿ ಇಲ್ಲ" ಎಂದು ಬಿಸಾಡಿ ಹೊಸ ಕೋನು ತೆಗೆದುಕೊಳ್ಳುತ್ತಿದ್ದಳು. ಅದರದ್ದೂ ತೂತು ಸರಿ ಇರುತ್ತಿರಲಿಲ್ಲ.

ಅಮ್ಮಿಗೆ ಹೇಳಿದೆ.

"ಗುಂಡುಕಲ್ಲಿನಂಗವ್ಳೆ ಅವಳು. ಮದುವೆ ಆಗಿ ರಂಜಾನ್ ಕಳೀಲಿ, ಆಮೇಲೆ ತೋರಿಸಾಣ. ಈಗ ಆಸ್ಪತ್ರೆ ಮೆಟ್ಲು ಹತ್ತಿದ್ಲು ಅಂದ್ರೆ ಹೊಸದುರ್ಗಕ್ಕೆ ಗಾಳಿ ಹೇಳ್ತದೆ."

ಕೈನಾತಳಿಗೇ ಹೇಳಿದೆ. ಅವಳು ನಕ್ಕಳು.

"ಆಪಾ, ಹೊಟ್ಟೆ ಉರೀತೈತಾ? ಉರಿದ್ರೆ ಮಜ್ಜಿಗೆ ಕುಡಿ."

ಇನ್ನೊಂದು ವಿಷಯ ಹೇಳಬೇಕು. ನಮ್ಮದು ಕಲಾಯಿ ಹಾಕುವ ಮನೆತನ. ತಾಮ್ರದ ಪಾತ್ರೆಯ ಒಳಮೈಗೆ ತವರದ ಬಿಳಿ ಲೇಪ ಹಾಕುವ ಕೆಲಸ. ಕಲಾಯಿ ಹೋದ ಪಾತ್ರೆಯಲ್ಲಿ ಉಂಡರೆ ವಿಷ ಎಂಬುದು ನಮ್ಮ ಮನೆಯಲ್ಲಿ ಮಾತು ಬರುವ ಮೊದಲೇ ಗೊತ್ತಾಗುವ ಸಂಗತಿ. ವಸೀಂಗೆ ಕಾಮಾಲೆಯಾದಾಗ ಕನಕರಾಜ್ ಡಾಕ್ಟರು ಹೇಳಿದ್ದು ಹೀಗೆ: "ರಾತ್ರಿ ತಾಮ್ರದ ಚೊಂಬಲ್ಲಿ ನೀರಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಸು. ಲಿವರ್ ತೊಳೆದಂಗಾಗ್ತದೆ. ಒಳಗೆ ಕಲಾಯಿ ಇರಬಾರದು ಮತ್ತೆ, ಗುಣ ಬರಲ್ಲ."

ಕಲಾಯಿ ಇಲ್ಲದ ತಾಮ್ರದ ಚೊಂಬು ಕಲಾಯಿಯವರ ಮನೆಯಲ್ಲಿ ಎಲ್ಲಿಂದ ಬರಬೇಕು? ಅಬ್ಬಾ ತಮ್ಮ ಅಪ್ಪ ಕಲಾಯಿ ಹಾಕಿದ್ದ ಚೊಂಬನ್ನು ಕುಲುಮೆಗೆ ಹಿಡಿದು, ಕೆರೆದು, ಮತ್ತೆ ಕಾಯಿಸಿ, ಮತ್ತೆ ಕೆರೆದು ಒಂದು ಇಡೀ ಮಧ್ಯಾಹ್ನ ಕೂತು ಒಳಗಿನ ಬಿಳುಪನ್ನೆಲ್ಲ ತೆಗೆದರು. "ಎಂಥಾ ಕೈ ನೋಡು ನಿಮ್ಮ ದಾದಾಂದು, ಬಿಡಾಕೇ ಒಲ್ಲದು" ಎಂದು ಬೆವರು ಒರೆಸಿಕೊಳ್ಳುತ್ತಾ ಹೆಮ್ಮೆಪಟ್ಟರು. ಅಮ್ಮಿ ಮಾತ್ರ ಒಮ್ಮೆ, "ತಾಮ್ರ ಬರಿಮೈಲಿ ಬ್ಯಾಡ ಅಂತ ನೀವೇ ಹೇಳ್ತಿದ್ರಲ್ಲ" ಎಂದರು. "ಓದಿದವ್ರಿಗಿಂತ ನಂಗೆ ಜಾಸ್ತಿ ಗೊತ್ತೈತಾ?" ಎಂದರು ಅಬ್ಬಾ. ಎರಡು ವರ್ಷ ವಸೀಂ ಆ ನೀರು ಕುಡಿದ. ಚೊಂಬಿನಲ್ಲಿ ಉಳಿದದ್ದನ್ನು ಕೈನಾತ್ ಕುಡಿಯುತ್ತಿದ್ದಳು. ಮೈಬಣ್ಣ ತಿಳಿಯಾಗುತ್ತದಂತೆ ಎಂದು ಅವಳಿಗೆ ಯಾರೋ ಹೇಳಿದ್ದರು.

ಅದೇ ಕನಕರಾಜ್ ಡಾಕ್ಟರು ಫೆಬ್ರವರಿಯಲ್ಲಿ ಅಬ್ಬಾಗೆ ಫೋನು ಮಾಡಿದರು. ಇಪ್ಪತ್ತೊಂಬತ್ತನೇ ತಾರೀಕು ವಿರಳ ಕಾಯಿಲೆಗಳ ದಿನವಂತೆ. ಚಿತ್ರದುರ್ಗದಲ್ಲಿ ಸುತ್ತಲಿನ ತಾಲ್ಲೂಕುಗಳ ಡಾಕ್ಟರು, ನರ್ಸು, ಔಷಧಿ ಅಂಗಡಿಯವರಿಗೆಲ್ಲ ಜಾಗೃತಿ ಕಾರ್ಯಕ್ರಮ, ವಿಲ್ಸನ್ ಕಾಯಿಲೆಯ ಮೇಲೆ ಅವರದೇ ಉಪನ್ಯಾಸ. "ವಸೀಂನ ಕರ್ಕಂಬಾ. ಔಷಧಿ ಕಂಪನಿಯವರು ಒಂದು ವರ್ಷದ ಮಾತ್ರೆ ಸುಮ್ನೆ ಕೊಡ್ತಾರೆ. ನಿನ್ನ ಮಗನ್ನ ನೋಡಿ ನಾಲ್ಕು ಜನ ಡಾಕ್ಟರು ಕಲೀಲಿ. ಪುಣ್ಯದ ಕೆಲಸ."

ವಸೀಂಗೆ ಊಟ ಮಾಡಿಸಲು ಒಬ್ಬರು ಬೇಕು ಎಂದು ನೆಪ ಮಾಡಿ ಕೈನಾತಳನ್ನೂ ಹೊರಡಿಸಿದೆ. ಅಮ್ಮಿ ಹುಬ್ಬು ಗಂಟಿಕ್ಕಿದರು. ಚಿತ್ರದುರ್ಗದಲ್ಲಿ ಬಳೆ, ಜರಿ ತರುವುದಿದೆ ಎಂದ ಮೇಲೆ ಸುಮ್ಮನಾದರು.

ನನಗೆ ನಾಲ್ಕು ಜನರೆದುರು ಬಾಯಿ ಬರುವುದಿಲ್ಲ. ಬಿ.ಎಸ್ಸಿ. ಮೌಖಿಕ ಪರೀಕ್ಷೆಯಲ್ಲೂ ಉತ್ತರಗಳನ್ನು ಬರೆದುಕೊಟ್ಟವಳು ನಾನು. ಹಿಂದಿನ ದಿನವೇ ಒಂದು ಚೀಟಿ ಬರೆದು, ತಿದ್ದಿ, ಮತ್ತೆ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. 'ಸರ್, ವಸೀಂನ ಅಕ್ಕ ಕೈನಾತ್ ನಮ್ಮ ಜೊತೆ ಬಂದಿದ್ದಾಳೆ. ಹತ್ತನೇ ತಾರೀಕು ಅವಳ ಮದುವೆ. ಅವಳಿಗೂ ಇರಬಹುದೆಂದು ನನಗೆ ಭಯ. ಕಾರ್ಯಕ್ರಮ ಮುಗಿದ ಮೇಲೆ ಯಾರಿಗೂ ತಿಳಿಯದ ಹಾಗೆ ಅವಳ ಕಣ್ಣನ್ನು ಒಮ್ಮೆ ನೋಡಿ. ದಯವಿಟ್ಟು. ಇಂತಿ ಸನೋಬರ್.'

ಸಭಾಂಗಣದ ಬಾಗಿಲಲ್ಲಿ ಔಷಧಿ ಕಂಪನಿಯ ಜುಂಜೇಶ್ ಎಂಬುವವರು ಎಲ್ಲರಿಗೂ ಕೊರಳಿಗೆ ಹಾಕುವ ಬಿಲ್ಲೆ ಹಂಚುತ್ತಿದ್ದರು. ಡಾಕ್ಟರುಗಳ ಬಿಲ್ಲೆಯಲ್ಲಿ ಅವರವರ ಹೆಸರು. ವಸೀಂನ ಬಿಲ್ಲೆಯಲ್ಲಿ 'ಕೇಸ್' ಎಂದು ಅಚ್ಚಾಗಿತ್ತು.

"ಬರ್ರಿ ಸಾಹೇಬ್ರೆ, ಮುಂದಿನ ಸಾಲಲ್ಲಿ ಕುಂತ್ಕಳ್ರಿ. ಇವತ್ತಿನ ಹೀರೋ ನಿಮ್ಮ ಮಗಾನೇ" ಎಂದು ಅಬ್ಬಾನ ಬೆನ್ನು ತಟ್ಟಿದರು. ಅಬ್ಬಾ ಬಿಳಿ ಜುಬ್ಬ ಹಾಕಿಕೊಂಡು ಬಂದಿದ್ದರು. ಖುಷಿಯಾದರು.

ವೇದಿಕೆಯ ಪಕ್ಕದಲ್ಲಿ ಮೇಜಿನ ಮೇಲೆ ಕಣ್ಣು ನೋಡುವ ಮೆಶಿನ್ನು. ಗದ್ದ ಇಡಲು ಒಂದು ಪಟ್ಟಿ, ಹಣೆ ಒತ್ತಲು ಒಂದು ಪಟ್ಟಿ. ಕಂಡದ್ದೆಲ್ಲ ಹಿಂದಿನ ದೊಡ್ಡ ಪರದೆಯ ಮೇಲೆ ಬರುವ ಹಾಗೆ ವೈರು ಎಳೆದಿದ್ದರು. ಅದರ ಹಿಂದೆ ರೋಜಾ ಕೂತಿದ್ದಳು. ನನ್ನನ್ನು ನೋಡಿ ಎದ್ದು ಬಂದು ಕೈ ಹಿಡಿದುಕೊಂಡಳು. "ವಸೀಂ ಹೆಂಗವ್ನೆ? ಮಾತ್ರೆ ತಪ್ಪಿಸಬ್ಯಾಡ್ರಿ" ಎಂದಳು. ಚೀಟಿ ಪರ್ಸಿನಲ್ಲೇ ಇತ್ತು. ಅವಳಿಗೆ ಕೊಡಬೇಕಿತ್ತು. ನಂಬರು ನೋಡುವ ಹುಡುಗಿ, ಇವಳ ಕೈಲೇನಾಗುತ್ತದೆ ಎಂದುಕೊಂಡೆ. ದೊಡ್ಡವರ ಕೈಗೇ ಕೊಡೋಣ ಎಂದುಕೊಂಡು ಕನಕರಾಜ್ ಡಾಕ್ಟರ ಮುಂದೆ ಹೋಗಿ ನಿಂತೆ. ಅವರು ಫೋನಿನಲ್ಲಿ ಮಾತಾಡುತ್ತಲೇ ಚೀಟಿ ಬಿಚ್ಚಿ ಓದಿದರು. ನನ್ನ ಮುಖ ನೋಡಿ ತಲೆ ಆಡಿಸಿದರು. ಅಂಗಿಯ ಜೇಬಿಗೆ ಹಾಕಿಕೊಂಡರು. ಎದೆ ಹಗುರಾಗಿ ಹೋಗಿ ಕೂತೆ.

ಮೂರು ಗಂಟೆಗೆ ಕನಕರಾಜ್ ಡಾಕ್ಟರು ವಸೀಂನನ್ನು ವೇದಿಕೆಗೆ ಕರೆದರು. ನೂರಕ್ಕಿಂತ ಹೆಚ್ಚು ಜನ ಇದ್ದರು.

"ಏನಪ್ಪ, ನಿನ್ನ ಹೆಸರು ಹೇಳು. ಮೈಕಿಗೆ ಹೇಳು."

ವಸೀಂ ಹೇಳಿದ. ತುಟಿಯ ಮೂಲೆಯಿಂದ ಇಳಿದದ್ದನ್ನು ತೋಳಿಗೆ ಒರೆಸಿಕೊಂಡ. "ಇನ್ನೊಂದ್ಸಲ" ಎಂದರು. ಇನ್ನೊಂದು ಸಲ ಹೇಳಿದ. "ಕೇಳಿಸ್ತಾ ಹಿಂದಿನವರಿಗೆ? ಈ ತೊದಲು ಗಮನಿಸಿ." ಕೈ ಮುಂದೆ ಚಾಚಲು ಹೇಳಿದರು. ಕೈ ಬಡಿದುಕೊಂಡಿತು. ಬೋರ್ಡಿನ ಮೇಲೆ ಹೆಸರು ಬರೆಯಲು ಹೇಳಿದರು. ಬರೆದ. ಬರೆದದ್ದನ್ನು ಓದಲಾಗಲಿಲ್ಲ. ಅವನಿಗೂ ಅದು ಗೊತ್ತಾಗಿ ಅಂಗೈಯಲ್ಲಿ ಒರೆಸಲು ಹೋದ. "ಬಿಡು, ಬಿಡು, ಅದು ಇರಲಿ" ಎಂದು ಡಾಕ್ಟರು ಅವನ ಮಣಿಕಟ್ಟು ಹಿಡಿದುಕೊಂಡರು. ಮುಂದಿನವರು ಫೋನು ಎತ್ತಿ ಬೋರ್ಡಿನ ಫೋಟೋ ತೆಗೆದರು.

"ಈಗ ಹೇಳಿ, ಇಂಥಾ ಹುಡುಗ ನಿಮ್ಮ ಕ್ಲಿನಿಕ್ಕಿಗೆ ಬಂದ್ರೆ ಏನಂತೀರಿ?"

"ಗಾಂಜಾ ಸಾರ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು. ಕನಕರಾಜ್ ಡಾಕ್ಟರೂ ನಕ್ಕರು.

"ಅದೇ ನಾವು ಮಾಡೋ ತಪ್ಪು" ಎಂದರು. ನಾವು ಎಂದರೆ ಯಾರೆಂದು ಹೇಳಲಿಲ್ಲ. ಪರದೆಯ ಮೇಲೆ ವಸೀಂನ ಮೂರು ವರ್ಷ ಒಂದು ಗೆರೆಯಾಗಿ ಬಂತು. ಕಾಮಾಲೆ. ನಂತರ 'ರೋಗಿಯು ಮತ್ತೆ ಬರಲಿಲ್ಲ.' ನಂತರ ಬೆಂಗಳೂರು. ಕ್ಯಾಂಪು ಇರಲಿಲ್ಲ, ರೋಜಾಳ ಹೆಸರಿರಲಿಲ್ಲ. ಮೆಶಿನ್ನಿನ ಹಿಂದೆ ಅವಳು ತಲೆ ಬಗ್ಗಿಸಿ ಲೆನ್ಸು ಒರೆಸುತ್ತಿದ್ದಳು.

ಅಬ್ಬಾ ಎದ್ದು ನಿಂತರು. ನಾನು ಜುಬ್ಬ ಹಿಡಿದು ಎಳೆದೆ.

"ಸಾರ್, ಮತ್ತೆ ಬಂದಿದ್ವಲ್ಲ ಸಾರ್. ಏಳು ಸಲ ಬಂದಿದ್ವಿ. ತಾಮ್ರದ ಚೊಂಬಿನ ನೀರು ಕುಡಿಸು ಅಂದ್ರಲ್ಲ ನೀವು. ಅದೂ ಹೇಳ್ರಿ, ಇವ್ರಿಗೂ ಗೊತ್ತಾಗ್ಲಿ."

ಜಗಳಕ್ಕೆ ಹೇಳಿದ್ದಲ್ಲ. ಕಲಿಯಲು ಬಂದವರಿಗೆ ಪೂರ್ತಿ ತಿಳಿಯಲಿ ಎಂಬ ಮುಖದಲ್ಲಿ ಹೇಳಿದರು.

"ಥ್ಯಾಂಕ್ಯೂ ಜಹಾಂಗೀರ್. ಕುಂತ್ಕೋ" ಎಂದರು ಡಾಕ್ಟರು. ಸಭೆಯ ಕಡೆ ತಿರುಗಿದರು. "ನೋಡಿದ್ರಲ್ಲ? ಇಂಟರ್ನೆಟ್ಟಲ್ಲಿ ನೋಡಿ, ಅವರಿವರ ಮಾತು ಕೇಳಿ ಮಗನಿಗೆ ಎರಡು ವರ್ಷ ತಾಮ್ರದ ನೀರು ಕುಡಿಸಿದ್ದಾರೆ. ಅದೂ ಕಲಾಯಿ ಕೆಲಸದವರು! ಈ ಅಜ್ಞಾನದ ಜೊತೆಗೇ ನಾವು ಗುದ್ದಾಡಬೇಕಾಗಿರೋದು."

ಜನ ಅಯ್ಯೋ ಎಂದು ಅಬ್ಬಾನ ಕಡೆ ನೋಡಿದರು. ಪಕ್ಕದಲ್ಲಿ ಕೂತಿದ್ದ ನರ್ಸೊಬ್ಬರು, "ಹೆತ್ತವರೇ ಹಿಂಗೆ ಮಾಡಿದ್ರೆ" ಎಂದು ಗೊಣಗಿದರು. ಅಬ್ಬಾ ಕೂತರು. ಜುಬ್ಬದ ತುದಿಯನ್ನು ಮಂಡಿಯ ಮೇಲೆ ನೇರ ಮಾಡಿಕೊಂಡರು, ಮತ್ತೆ ಮತ್ತೆ.

"ಇವರಲ್ಲಿ ಒಳಗೊಳಗೇ ಮದುವೆ ಜಾಸ್ತಿ ಅಲ್ವಾ ಸಾರ್, ಅದಕ್ಕೇ" ಎಂದು ಯುವ ಡಾಕ್ಟರೊಬ್ಬರು ಕೇಳಿದರು.

ಕನಕರಾಜ್ ಉತ್ತರಿಸುವ ಮೊದಲೇ ಮೆಶಿನ್ನಿನ ಹಿಂದಿನಿಂದ ರೋಜಾ ಹೇಳಿದಳು: "ನಮ್ಮವ್ವ ಕಟ್ಕಂಡಿರದು ಅವಳ ಸೋದರಮಾವನ್ನೇ ಸಾರ್. ನಮ್ಮೂರಾಗೆ ಅರ್ಧ ಮನೆ ಹಂಗೇ."

ಅದಕ್ಕೂ ಒಂದಿಷ್ಟು ನಗು ಬಂತು. "ಆಯ್ತಮ್ಮ, ನೀನು ಮೆಶಿನ್ ನೋಡ್ಕ" ಎಂದರು ಡಾಕ್ಟರು.

ವಸೀಂನ ಕಣ್ಣು ಪರದೆಯ ಮೇಲೆ ಬಂತು. ಬಾಗಿಲಿನಷ್ಟು ದೊಡ್ಡ ಕಣ್ಣು, ಅಂಚಿನಲ್ಲಿ ಆ ಬಳೆ. ಎಲ್ಲರೂ ಸಾಲಾಗಿ ಬಂದು ಮೆಶಿನ್ನಿನಲ್ಲೂ ನೋಡಿದರು. ಬೆಳಕು ಕಣ್ಣಿಗೆ ಬಿಟ್ಟು ಬಿಟ್ಟು ಅವನ ಕೆನ್ನೆಯ ಮೇಲೆ ನೀರು ಇಳಿಯಿತು. "ಮಿಟುಕಿಸಬ್ಯಾಡ" ಎಂದು ಒಬ್ಬೊಬ್ಬರೂ ಹೇಳಿದರು. ಮುಕ್ಕಾಲು ಗಂಟೆ ಅವನು ಗದ್ದ ಇಟ್ಟುಕೊಂಡು ಕೂತಿದ್ದ.

ಆಮೇಲೆ ಪರದೆಯ ಮೇಲೆ ದಪ್ಪಕ್ಷರದಲ್ಲಿ ಒಂದೇ ಸಾಲು ಬಂತು. 'ಒಡಹುಟ್ಟಿದವರನ್ನೂ ಪರೀಕ್ಷಿಸಿ.'

"ನಾವೆಲ್ಲರೂ ಮರೆಯೋದು ಇದನ್ನೇ" ಎಂದರು ಕನಕರಾಜ್. "ಒಬ್ಬ ಸಿಕ್ಕಿದ್ರೆ ಮನೆಯಲ್ಲಿ ಇನ್ನೊಬ್ಬರು ಇರ್ತಾರೆ. ನಗುನಗ್ತಾ ಓಡಾಡ್ಕೊಂಡಿರ್ತಾರೆ. ಇವತ್ತು ನಮ್ಮ ಅದೃಷ್ಟ, ಇವನ ಅಕ್ಕ ಇಲ್ಲೇ ಇದ್ದಾಳೆ." ಜೇಬಿನಿಂದ ನನ್ನ ಚೀಟಿ ತೆಗೆದರು. ಕನ್ನಡಕ ಮೂಗಿಗೆ ಇಳಿಸಿಕೊಂಡರು. "ಕೈನಾತ್. ಹತ್ತು ದಿನಕ್ಕೆ ಮದುವೆ ಬೇರೆ. ಬಾಮ್ಮ ಕೈನಾತ್."

ನಾನು ಏಳಬೇಕಿತ್ತು. ಬೇಡ ಎನ್ನಬೇಕಿತ್ತು. ಬಾಯಿಯೊಳಗೆ ನಾಲಿಗೆ ಎಲ್ಲಿದೆಯೆಂದೇ ತಿಳಿಯಲಿಲ್ಲ.

ಕೈನಾತ್ ನನ್ನ ಕಡೆ ನೋಡಿದಳು. "ನಾನ್ಯಾಕೆ?" ಎಂದಳು. "ಬರ್ರಿ ಮೇಡಂ, ಒಂದೇ ನಿಮಿಷ, ತಮ್ಮನಿಗೋಸ್ಕರ" ಎಂದು ಜುಂಜೇಶ್ ದಾರಿ ಮಾಡಿಕೊಟ್ಟರು. ತಮ್ಮನಿಗೆ ಒಳ್ಳೆಯದಾಗುವುದೇನೋ ಎಂದುಕೊಂಡಳು. ದುಪ್ಪಟ್ಟ ತಲೆಗೆ ಸರಿಮಾಡಿಕೊಂಡು ಹತ್ತಿದಳು. ಬೆನ್ನು ಪರದೆಗೆ, ಮುಖ ಮೆಶಿನ್ನಿಗೆ.

ರೋಜಾ ಹಿಡಿ ತಿರುಗಿಸಿದಳು. ಕಣ್ಣು ಒಂದು ಗಳಿಗೆ ಸ್ಪಷ್ಟವಾಗಿ ಬಂದು ತಕ್ಷಣ ಮಸುಕಾಯಿತು. ಅವಳು ತಲೆ ಎತ್ತಿ ಜನರ ನಡುವೆ ನನ್ನನ್ನು ಹುಡುಕಿದಳು.

"ಫೋಕಸ್ ಆಗ್ತಿಲ್ಲ ಸಾರ್. ವೈರು ಲೂಸ್ ಆಗೈತೆ."

"ಈಗ ತಾನೇ ಚೆನ್ನಾಗಿತ್ತಲ್ಲ?"

"ಬಿಸಿ ಆಗೈತೆ ಸಾರ್. ನಾಳೆ ಹೊಳಲ್ಕೆರೆಗೆ ಕರ್ಕಂಬರ್ಲಿ, ನಾನೇ ನೋಡ್ತೀನಿ."

"ಏಳಮ್ಮ ಮೇಲೆ" ಎಂದು ಡಾಕ್ಟರು ರೋಜಾಳ ಕುರ್ಚಿಯಲ್ಲಿ ತಾವೇ ಕೂತು ಹಿಡಿ ತಿರುಗಿಸಿದರು.

ಬಳೆ ಇತ್ತು. ವಸೀಂನದಕ್ಕಿಂತ ತೆಳು, ಆದರೆ ಸುತ್ತ ಪೂರ್ತಿ. ಸಭೆಯಿಂದ ಒಂದು ಉಸಿರು ಬಂತು. ಆಮೇಲೆ ಯಾರೋ ಚಪ್ಪಾಳೆ ಶುರು ಮಾಡಿದರು, ಎಲ್ಲರೂ ಹೊಡೆದರು. ಹಿಂದಿನ ಸಾಲಿನವರು ಎದ್ದು ನಿಂತು ಹೊಡೆದರು. ಫೋನುಗಳು ಮೇಲೆದ್ದವು.

ಕೈನಾತಳಿಗೆ ಪರದೆ ಕಾಣುತ್ತಿರಲಿಲ್ಲ. ಚಪ್ಪಾಳೆ ಕೇಳಿ, ಗದ್ದ ಪಟ್ಟಿಯ ಮೇಲೆ ಇದ್ದ ಹಾಗೇ, ನಕ್ಕಳು. ಆ ನಗುವಿಗೆ ಪರದೆಯ ಮೇಲಿನ ಕಣ್ಣು ಅಂಚಿನಲ್ಲಿ ಕಿರಿದಾಯಿತು. ಕೆಳಗಿಳಿದು ಬಂದು ನನ್ನ ಪಕ್ಕ ಕೂತು, "ಪಾಸಾ ಆಪಾ?" ಎಂದಳು.

ಕೊನೆಯಲ್ಲಿ ಕಂಪನಿಯ ಕಡೆಯಿಂದ ಬಂದವರಿಗೆಲ್ಲ ಒಂದೊಂದು ಉಡುಗೊರೆ ಡಬ್ಬಿ ಕೊಟ್ಟರು. ಒಳಗೆ ತಾಮ್ರದ ನೀರಿನ ಬಾಟಲಿ. ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ವಸೀಂಗೂ ಒಂದು ಕೊಟ್ಟರು. ಅಬ್ಬಾ ಅದನ್ನು ಅವನ ಕೈಯಿಂದ ತೆಗೆದು ಕುರ್ಚಿಯ ಕೆಳಗೆ ಇಟ್ಟು ಬಂದರು.

ಬಸ್ಸು ಹೈವೇಗೆ ಬಂದಾಗ ಕೈನಾತಳ ಫೋನಿಗೆ ಮುಝಫರನಿಂದ ವಿಡಿಯೋ ಬಂತು. ಹೊಸದುರ್ಗದ ಕಡೆಯ ನರ್ಸೊಬ್ಬರು ತಮ್ಮ ಗುಂಪಿಗೆ ಹಾಕಿದ್ದು, ಅಲ್ಲಿಂದ ಮಂಡಿಯವರ ಗುಂಪಿಗೆ, ಅಲ್ಲಿಂದ ಅವನಿಗೆ. ಕೆಳಗೆ ಬರೆದಿದ್ದ: 'ಇದು ನೀನಾ?' ಅವಳು ಅದನ್ನು ಎರಡು ಸಲ ನೋಡಿದಳು. ಎರಡನೇ ಸಲ ಧ್ವನಿ ಇಟ್ಟು ನೋಡಿದಳು. ಡಾಕ್ಟರು ಚೀಟಿ ಓದುವುದು ಅದರಲ್ಲಿತ್ತು.

"ಯಾರು ಬರೆದಿದ್ದು ಚೀಟಿ?" ಎಂದಳು. ಚೀಟಿ ಬರೆಯುವವಳು ಮನೆಯಲ್ಲಿ ನಾನೊಬ್ಬಳೇ ಎಂದು ಅವಳಿಗೆ ಗೊತ್ತು. ಸುಮ್ಮನೆ ಕೇಳಿದಳು.

ಮನೆ ಮುಟ್ಟುವ ಮೊದಲೇ ಖಾಲಾನ ಫೋನು ಬಂದಿತ್ತು. ಮದುವೆ ನಿಂತಿತ್ತು. ಅಮ್ಮಿ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು. "ನಿಂಗೆ ಸಿಗ್ಲಿಲ್ಲ ಅಂತ ಅವಳಿಗೂ ತಪ್ಪಿಸ್ದೆ" ಎಂದು ಹೇಳಿ ಒಲೆಯ ಮುಂದೆ ಕೂತರು.

ರಕ್ತ, ಮೂತ್ರದ ಪರೀಕ್ಷೆ ಆಯಿತು. ಐದನೇ ತಾರೀಕು ವರದಿ ಬಂತು. ಲಿವರು ಆಗಲೇ ಗಟ್ಟಿಯಾಗಲು ಶುರುವಾಗಿದೆ, ಇವತ್ತಿನಿಂದಲೇ ಮಾತ್ರೆ ಕೊಡಿ, ಒಂದು ದಿನವೂ ತಪ್ಪಿಸಬೇಡಿ ಎಂದು ಬೆಂಗಳೂರಿನ ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. ಮಾತ್ರೆ ತಂದೆವು. ಕೈನಾತ್ ಮುಟ್ಟಲಿಲ್ಲ. ನೀರು ತಂದಿಟ್ಟರೆ ಚೆಲ್ಲಿದಳು. ಅಬ್ಬಾ ಕೈ ಮುಗಿದರು. ಗೋಡೆಯ ಕಡೆ ತಿರುಗಿ ಮಲಗಿದಳು. "ನುಂಗಿದ್ರೆ ತಾನೇ ನಾನು ರೋಗಿ? ನುಂಗಲ್ಲ" ಎಂದಳು. ಅದೇ ದಿನದ ಪೇಪರಿನ ಒಳಪುಟದಲ್ಲಿ ಕನಕರಾಜ್ ಡಾಕ್ಟರ ಫೋಟೋ ಇತ್ತು. ಒಂದೇ ಕುಟುಂಬದಲ್ಲಿ ಎರಡನೇ ವಿರಳ ಪ್ರಕರಣ ಪತ್ತೆ, ವೈದ್ಯರ ಸಮಯಪ್ರಜ್ಞೆ ಎಂದು.

ಮರುದಿನ ಮಧ್ಯಾಹ್ನ ಖಾಲಾ ಬಂದರು. ಜೊತೆಗೆ ಅವರ ಗಂಡ, ಇಬ್ಬರು ಹಿರಿಯರು. ಇಟ್ಟ ಒಡವೆ ವಾಪಸು ಕೇಳಲು ಬಂದರೆಂದುಕೊಂಡೆವು.

"ನೋಡು ಖಾತುನ್" ಎಂದರು ಖಾಲಾ ಅಮ್ಮಿಗೆ, ಚಾಪೆಯ ಮೇಲೆ ಸರಿದು ಕೂತು. "ಕಾರ್ಡು ಹಂಚಿ ಆಗೈತೆ. ಶಾದಿಮಹಲ್ ಹಿಡಿದು ಆಗೈತೆ. ಭಾನುವಾರ ಬಿಟ್ರೆ ರಂಜಾನ್. ಊರ ಮುಂದೆ ಮುಖ ಎತ್ತದು ಹೆಂಗೆ ಹೇಳು. ನಿನ್ನ ದೊಡ್ಡವಳಿಗೆ ಬೆಂಗಳೂರಲ್ಲಿ ಪರೀಕ್ಷೆ ಆಗೈತಂತಲ್ಲ, ಏನೂ ಇಲ್ಲ ಅಂತ ಬರಕೊಟ್ಟವ್ರಂತಲ್ಲ. ಆ ಕಾಗದ ಐತಾ?"

"ಬಾಯಿ ಬಿಡಲ್ಲ ಅಂತ ಬ್ಯಾಡ ಅಂದಿದ್ರಿ" ಎಂದರು ಅಮ್ಮಿ.

"ಬಾಯಿ ಬಿಡದಿದ್ರೂ ಪರವಾಗಿಲ್ಲ ಅನ್ನಂಗಾಗೈತೆ ಈಗ."

ಹಿರಿಯರೊಬ್ಬರು ನಕ್ಕರು. ಅಬ್ಬಾ ಎದ್ದು ಒಳಗೆ ಹೋಗಿ ಟ್ರಂಕು ತೆಗೆದರು. ನನ್ನ ವರದಿಯನ್ನು ಅವರೇ ತಂದು ಕೊಟ್ಟರು. ಅದು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಬೆಳಕಿಗೆ ಹಿಡಿದು ನೋಡಿದರು, ನೋಟು ನೋಡುವ ಹಾಗೆ. ಆ ಕಾಗದ ನನಗೆ ಕಾಯಿಲೆ ಇಲ್ಲವೆಂದಷ್ಟೇ ಹೇಳುತ್ತದೆ. ನನ್ನೊಳಗೆ ಅದು ಸುಪ್ತವಾಗಿ ಇದೆಯೋ, ಖಾಲಾನ ಮಗನೊಳಗೂ ಇದೆಯೋ, ಇದ್ದರೆ ಹುಟ್ಟುವ ಮಕ್ಕಳ ಗತಿಯೇನು ಎಂಬುದು ಅದರಲ್ಲಿ ಇಲ್ಲ. ಹಿಂದಿನ ಸಂಜೆ ರೋಜಾ ಫೋನು ಮಾಡಿ ಅಳುತ್ತಿದ್ದಳು, ಕೈನಾತಳ ವಿಷಯಕ್ಕೆ. ನಡುವೆ ಅವಳೇ ಹೇಳಿದ್ದು ಇದು: "ನಿಮ್ಮನೆ ಹೆಣ್ಮಕ್ಕಳನ್ನ ನಿಮ್ಮವ್ರಿಗೇ ಕೊಡೋ ಮುಂಚೆ ಇಬ್ರದ್ದೂ ನೋಡಿಸ್ರಿ ಅಕ್ಕಾ." ಅದನ್ನು ಆ ಚಾಪೆಯ ಮೇಲೆ ಯಾರು ಹೇಳಬೇಕು?

"ಸನೋಬರ್ನ ಒಂದು ಮಾತು ಕೇಳ್ರಿ" ಎಂದು ಖಾಲಾನ ಗಂಡ ಹೇಳಿದರು. "ಕೇಳಿ ಬರ್ರಿ. ನಾವು ಚಾ ಕುಡೀತಿರ್ತೀವ್."

ಒಳಕೋಣೆಯಲ್ಲಿ ಕೈನಾತ್ ಗೋಡೆಗೆ ಒರಗಿ ಕೂತಿದ್ದಳು. ಎಲ್ಲ ಕೇಳಿಸಿತ್ತು. ಪಕ್ಕದಲ್ಲಿ ಬಿಚ್ಚದ ಮಾತ್ರೆಯ ಹಾಳೆ.

"ನಾನು ಒಲ್ಲೆ ಅಂತೀನಿ" ಎಂದೆ. ಅವಳ ಸಲುವಾಗಿ ಎಂದುಕೊಂಡು ಹೇಳಿದೆ.

"ಒಲ್ಲೆ ಅಂದ್ರೆ ಏನಾಗ್ತದೆ ಗೊತ್ತಾ? ಕೈನಾತಳ ರೋಗಕ್ಕೆ ಮದುವೆ ಮುರೀತು ಅಂತಾರೆ. ಸಾಯೋ ತನಕ ಅಂತಾರೆ." ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಮೆಹೆಂದಿಯ ಚಿತ್ತಾರ ಯಾವುದು ಬೇಕೆಂದು ಹೆಂಗಸರಿಗೆ ವಿವರಿಸುವ ಧ್ವನಿ. "ಹ್ಞೂಂ ಅಂದ್ರೆ, ತಂಗಿ ಗಂಡನ್ನ ಕಿತ್ಕಳಾಕೆ ಚೀಟಿ ಬರೆದ್ಲು ಅಂತಾರೆ. ನಿನ್ನ ಅಂತಾರೆ. ಹೋಗಿ ಹ್ಞೂಂ ಅನ್ನು."

"ಕೈನಾತ್..."

"ನೀನು ಹ್ಞೂಂ ಅಂದ್ರೆ ಮಾತ್ರೆ ನುಂಗ್ತೀನಿ. ಇಲ್ಲಾಂದ್ರೆ ಇಲ್ಲ. ಮುಚ್ಚುಮರೆ ಏನೂ ಇಲ್ಲ, ಅಮ್ಮಿ ಎದುರಿಗೇ ಹೇಳ್ತಿದೀನಿ."

ಅಮ್ಮಿ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಲಿಲ್ಲ, ಮಾತ್ರೆಯ ಹಾಳೆಯನ್ನು ನೋಡುತ್ತಿದ್ದರು. ಎಂಟು ತಿಂಗಳು ಬೇಡವಾಗಿದ್ದದ್ದನ್ನು ಈಗ ಹೊಟ್ಟೆ ಹಸಿದವರ ಹಾಗೆ ನೋಡುತ್ತಿದ್ದರು.

ನಾನು ಹೊರಗೆ ಹೋಗಿ ಹ್ಞೂಂ ಎಂದೆ. ಅಲ್ಹಮ್ದುಲಿಲ್ಲಾ ಎಂದರು. ಖಾಲಾ ನನ್ನ ಗಲ್ಲ ಹಿಡಿದು ಮುಖ ಬೆಳಕಿಗೆ ತಿರುಗಿಸಿ ಎರಡೂ ಕಣ್ಣು ನೋಡಿದರು. ಆಮೇಲೆ ಸಕ್ಕರೆ ತಿನ್ನಿಸಿದರು.

ಒಳಗೆ ಬಂದಾಗ ಕೈನಾತ್ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದಳು. ಅಂಗೈ ನಡುಗುತ್ತಿತ್ತು. ನಾನು ನೋಡುವುದನ್ನು ನೋಡಿಕೊಂಡು ಬಾಯಿಗೆ ಹಾಕಿದಳು, ನೀರು ಕುಡಿದಳು. ಬಾಯಿ ಅಗಲಿಸಿ ನಾಲಿಗೆ ಎತ್ತಿ ತೋರಿಸಿದಳು. ಇರಲಿಲ್ಲ, ನುಂಗಿದ್ದಳು.

"ನಿಕಾಹ್ ದಿನದ ತನಕ ದಿನಾ ನುಂಗ್ತೀನಿ. ಮಾತು ಅಂದ್ರೆ ಮಾತು."

"ಆಮೇಲೆ?" ಎಂದೆ.

ಅವಳು ಹಾಳೆಯನ್ನು ನೀಟಾಗಿ ಮಡಚಿ ದಿಂಬಿನ ಕೆಳಗೆ ಇಟ್ಟಳು.

"ಆಮೇಲೆ ನೀನು ಹೊಸದುರ್ಗದಾಗೆ ಇರ್ತೀಯಲ್ಲ ಆಪಾ. ನಾನು ನುಂಗಿದ್ನೋ ಉಗುಳಿದ್ನೋ, ಅಲ್ಲಿಂದ ಹೆಂಗೆ ನೋಡ್ತೀಯ?"